ಮಿನ್ನೆಸೋಟಾದಲ್ಲಿ ಪ್ಯಾನೆಲ್ ಮನೆ ಕಟ್ಟಿದ ನನ್ನ ಅನುಭವ

ಅಮೆರಿಕದ ಮಿನ್ನೆಸೋಟಾದಲ್ಲಿ, ಡುಲೂತ್ ಊರಿನ ಹತ್ತಿರ ನಾವು ಮನೆ ಕಟ್ಟಿ ಐದು ಚಳಿಗಾಲ ಕಳೆದವು. ಮನೆ ಪ್ಯಾನೆಲ್‌ನದು. ಪಕ್ಕದ ಗ್ಯಾರೇಜ್ ಇಲ್ಲಿನ ಮಾಮೂಲಿ ಮರದ ಚೌಕಟ್ಟಿನದು. ಎರಡೂ ಕಡೆ ಕೆಲಸದವರ ಜೊತೆ ನಾನೂ ಕೈ ಹಾಕಿದ್ದೆ.

ಗೋಡೆಯೊಳಗೆ ಥರ್ಮಾಕೋಲ್ ಇರುತ್ತೆ ಅಂತ ಫೋನಿನಲ್ಲಿ ಹೇಳಿದಾಗ ಅಮ್ಮನಿಗೆ ಗಾಬರಿ. "ಟಿವಿ ಡಬ್ಬದಲ್ಲಿ ಬರುತ್ತಲ್ಲ, ಅದರಲ್ಲಿ ಮನೆ ಕಟ್ತೀಯೇನೋ?" ಅಂದರು. ಹೌದು, ಅದೇ ಜಾತಿಯದು, ಸ್ವಲ್ಪ ಗಟ್ಟಿ. ಅದರ ಎರಡೂ ಕಡೆ ಓಎಸ್‌ಬಿ ಹಲಗೆ, ಅಂದರೆ ಮರದ ಚಕ್ಕೆಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ, ಅಂಟಿಸಿರುತ್ತಾರೆ. ಮೂರೂ ಸೇರಿ ಒಂದೇ ತುಂಡಾದಾಗ ಒಳಗೆ ಕಂಬವಿಲ್ಲದೆಯೂ ಭಾರ ಹೊರುತ್ತದೆ. ಇಲ್ಲಿ ಇದನ್ನು 'ಸಿಪ್' ಅಂತಾರೆ. ಹೊಸದೇನಲ್ಲ. ವಾಸ್ತುಶಿಲ್ಪಿ ಆಲ್ಡೆನ್ ಡೌ 1952ರಲ್ಲೇ ಮಿಷಿಗನ್‌ನ ಮಿಡ್‌ಲ್ಯಾಂಡ್‌ನಲ್ಲಿ ಇಂಥ ಮನೆ ಕಟ್ಟಿದ್ದರು.

ನಾನು ಇದರ ಹಿಂದೆ ಬಿದ್ದದ್ದು ನಮ್ಮ ಬಾಡಿಗೆ ಮನೆಯಿಂದ. ಜನವರಿಯಲ್ಲಿ ಹೊರಗೆ ಮೈನಸ್ 25 ಡಿಗ್ರಿ ಇದ್ದಾಗ ಗೋಡೆಯ ಸ್ವಿಚ್ ಬೋರ್ಡ್ ಮುಂದೆ ಅಂಗೈ ಹಿಡಿದರೆ ತಣ್ಣನೆ ಗಾಳಿ ಬರುತ್ತಿತ್ತು. ಅದು ಮರದ ಚೌಕಟ್ಟಿನ ಮನೆ. 16 ಇಂಚಿಗೊಂದು ಸ್ಟಡ್, ಅಂದರೆ ಗೋಡೆಯೊಳಗಿನ ಮರದ ಕಂಬ, ನಡುವೆ ಗಾಜಿನ ಎಳೆಯ ಉಣ್ಣೆ (ಗ್ಲಾಸ್ ವುಲ್). ಅದರ ಚೀಟಿಯ ಮೇಲೆ ಆರ್-21 ಅಂತ ಬರೆದಿರುತ್ತಾರೆ (ಆರ್ ಅಂದರೆ ಶಾಖ ತಡೆಯುವ ಅಳತೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು), ಆದರೆ ಅದು ಉಣ್ಣೆಯೊಂದರ ಲೆಕ್ಕ. ಮರ ಇಂಚಿಗೆ ಆರ್-1ಕ್ಕಿಂತ ಸ್ವಲ್ಪ ಜಾಸ್ತಿ ತಡೆಯುತ್ತದೆ ಅಷ್ಟೇ. ಥರ್ಮಾಕೋಲ್ ಸುಮಾರು 4. ಮೂಲೆ, ಕಿಟಕಿ, ಬಾಗಿಲ ಸುತ್ತಿನ ಮರವನ್ನೆಲ್ಲ ಕೂಡಿಸಿದರೆ ಗೋಡೆಯ ಕಾಲು ಭಾಗ ಮರವೇ ಆಗಿಬಿಡುತ್ತದೆ. ಚಳಿಗೆ ಅಷ್ಟೂ ದಾರಿ. ನಮ್ಮ 6.5 ಇಂಚಿನ ಪ್ಯಾನೆಲ್ ಗೋಡೆಯಲ್ಲಿ ಮರ ಬಹಳ ಕಡಿಮೆ.

ಪಾಯದ ವಿಷಯದಲ್ಲಿ ಮಾತ್ರ ಪ್ಯಾನೆಲ್ ಯಾವ ರಿಯಾಯಿತಿಯೂ ಕೊಡುವುದಿಲ್ಲ. ನಮ್ಮ ಪಾಯದ ಒಂದು ಮೂಲೆ ಅರ್ಧ ಇಂಚು ತಗ್ಗಿತ್ತು. ಸ್ಟಡ್ ಆಗಿದ್ದರೆ ಬಡಗಿ ಅಲ್ಲೇ ಅಳೆದು ಕತ್ತರಿಸಿ ಸರಿ ಮಾಡುತ್ತಿದ್ದ. ಪ್ಯಾನೆಲ್ ಅಳತೆಗೆ ಕತ್ತರಿಸಿಯೇ ಬರುತ್ತದೆ, ಹಾಗಾಗಿ ಅದನ್ನು ಎತ್ತುವ ಕ್ರೇನ್‌ಗೆ ದುಡ್ಡು ಕೊಟ್ಟು ನಿಲ್ಲಿಸಿಕೊಂಡು, ಗೋಡೆ ಕೂರುವ ಕೆಳಗಿನ ಮರದ ಪಟ್ಟಿಯನ್ನು ಮಟ್ಟ ಮಾಡುತ್ತಾ ಅರ್ಧ ದಿನ ಹೋಯಿತು. ಆಮೇಲೆ ಮೂರೇ ದಿನಕ್ಕೆ ಗೋಡೆ, ಇನ್ನೆರಡು ದಿನಕ್ಕೆ ಸೂರು.

ಇನ್ನೊಂದು ತಪ್ಪು ನನ್ನದೇ. ಗ್ರೈಂಡರ್ ಇಡುವ ಜಾಗಕ್ಕೆ ಪ್ಲಗ್ ಪಾಯಿಂಟ್ ಬೇಕು ಅಂತ ಹೊಳೆದದ್ದು ಪ್ಯಾನೆಲ್ ಬಂದು ಇಳಿದ ಮೇಲೆ. ವೈರ್ ಎಳೆಯುವ ತೂತುಗಳನ್ನು ಕಾರ್ಖಾನೆಯಲ್ಲೇ ಕೊರೆದಿರುತ್ತಾರೆ. ಮನಸ್ಸಿಗೆ ಬಂದಲ್ಲಿ ಹಲಗೆ ಸೀಳಿದರೆ ಗೋಡೆಯ ಬಲವೇ ಹೋಗುತ್ತದೆ. ಗ್ಯಾರೇಜಿನಲ್ಲಿ ಇಂಥದ್ದು ಹತ್ತು ನಿಮಿಷದ ಕೆಲಸ, ಸ್ಟಡ್‌ಗೆ ಡ್ರಿಲ್ ಹಾಕಿದರೆ ಮುಗಿಯಿತು. ಕೊನೆಗೆ ಗ್ರೈಂಡರನ್ನೇ ಒಳಗೋಡೆಯ ಕಡೆ ತಿರುಗಿಸಿದೆವು. ಒಳಗೋಡೆಗಳು ಹೇಗೂ ಸ್ಟಡ್‌ನವೇ. ಪ್ಯಾನೆಲ್ ಮನೆ ಕಟ್ಟುವವರು ಪ್ಲಗ್, ಲೈಟು, ಚಿಮಣಿ ತೂತು ಎಲ್ಲವನ್ನೂ ನಕ್ಷೆಯಲ್ಲೇ ಗುರುತು ಹಾಕಿ ಮುಗಿಸಬೇಕು.

ಆದರೆ ನನಗೆ ನಿದ್ದೆಗೆಡಿಸಿದ್ದು ಪ್ಯಾನೆಲ್‌ಗಳ ನಡುವಿನ ಸಂದು. ಅಲಾಸ್ಕಾದ ಜೂನೋದಲ್ಲಿ ಪ್ಯಾನೆಲ್ ಸೂರುಗಳು ಕೆಲವೇ ವರ್ಷಗಳಲ್ಲಿ ಕೊಳೆತ ಸುದ್ದಿ ಓದಿದ್ದೆ. ಮನೆಯೊಳಗಿನ ಬೆಚ್ಚನೆ ಗಾಳಿಯಲ್ಲಿ ಹಬೆ ಇರುತ್ತದಲ್ವಾ, ಅದು ಸರಿಯಾಗಿ ಮುಚ್ಚದ ಸಂದಿಯಲ್ಲಿ ನುಗ್ಗಿ, ತಣ್ಣಗಿನ ಹೊರಹಲಗೆಗೆ ತಾಗಿ ನೀರಾಗುತ್ತದೆ. ವರ್ಷಗಟ್ಟಲೆ ನೆನೆದರೆ ಹಲಗೆ ಉಳಿಯುತ್ತಾ? ಅದಕ್ಕೇ ಪ್ರತಿ ಸಂದಿಗೂ ಫೋಮ್ ತುಂಬಿಸಿ, ಸೂರಿನ ಒಳಮೈಗೆ ಟೇಪ್ ಹಚ್ಚಿಸಿದೆ.

ಜಿಪ್ಸಮ್ ಬೋರ್ಡ್ ಹೊಡೆಯುವ ಮುಂಚೆ ಬ್ಲೋವರ್ ಡೋರ್ ಪರೀಕ್ಷೆ ಮಾಡಿಸಿದೆವು. ಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಮನೆಯ ಗಾಳಿಯನ್ನು ಹೊರಗೆ ಎಳೆಯುತ್ತಾರೆ. ಎಲ್ಲಿ ಸಂದು ಇದೆಯೋ ಅಲ್ಲಿಂದ ಗಾಳಿ ಒಳಗೆ ಬರುತ್ತದೆ. ನಾನು ದೇವರ ಸಾಮಾನಿನ ಡಬ್ಬದಿಂದ ಒಂದು ಊದುಬತ್ತಿ ತಂದು ಹಚ್ಚಿಕೊಂಡು ಏಣಿ ಹತ್ತಿದೆ. ಗೋಡೆಯುದ್ದಕ್ಕೂ ಹೊಗೆ ನೆಟ್ಟಗೆ ಏರಿತು. ಸೂರಿನ ನೆತ್ತಿಯ ಹತ್ತಿರ, ಒಂದು ತೊಲೆಯ ಪಕ್ಕ ಬಂದಾಗ ಯಾರೋ ಊದಿದ ಹಾಗೆ ಹೊಗೆ ಪಕ್ಕಕ್ಕೆ ಬಾಗಿತು. ಟೇಪ್ ಬಿಚ್ಚಿ ನೋಡಿದರೆ ಒಂದು ಗೇಣು ಉದ್ದಕ್ಕೆ ಫೋಮ್ ಇಲ್ಲವೇ ಇಲ್ಲ. ಕೈಗೆ ತಣ್ಣಗೆ ತಾಗಿತು. ಎದೆ ಧಸಕ್ ಅಂದಿತು. ತುಂಬಿಸಿ ಮತ್ತೆ ಅಳೆದಾಗ, ಫ್ಯಾನ್ ಎಳೆಯುವಾಗ ಗಂಟೆಗೆ 1.1 ಸಲ ಬದಲಾಗುತ್ತಿದ್ದ ಮನೆಯ ಗಾಳಿ 0.8ಕ್ಕೆ ಇಳಿದಿತ್ತು. ಇಲ್ಲಿನ ನಿಯಮ 3ರ ತನಕ ಬಿಡುತ್ತದೆ.

ಇಷ್ಟು ಬಿಗಿಯಾದ ಮನೆಗೆ ಗಾಳಿ ಬದಲಿಸುವ ಯಂತ್ರ ಬೇಕೇ ಬೇಕು. ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ಕೊಡುವಂಥದ್ದು. ಒಂದು ಸಲ ಅದು ಕೆಟ್ಟು ನಿಂತಾಗ ಒಗ್ಗರಣೆ ವಾಸನೆ ಮರುದಿನದ ತನಕ ಮನೆಯಲ್ಲೇ ಇತ್ತು, ಕಿಟಕಿ ಗಾಜಿನ ಮೇಲೆ ನೀರು ಇಳಿಯುತ್ತಿತ್ತು.

ಖರ್ಚು ನಮಗೆ ಪ್ಯಾನೆಲ್‌ನಲ್ಲೇ ಜಾಸ್ತಿ ಬಂತು. ಕೂಲಿಯಲ್ಲಿ ಸ್ವಲ್ಪ ಉಳಿಯಿತು, ಪೂರ್ತಿ ಸರಿದೂಗಲಿಲ್ಲ. ಗ್ಯಾರೇಜಿಗೆ ಸ್ಟಡ್ ಹಾಕಿದ್ದೇ ಸರಿ ಅಂತ ಈಗಲೂ ಅನ್ನಿಸುತ್ತದೆ. ನಿಮ್ಮ ಊರಿನಲ್ಲಿ ಪ್ಯಾನೆಲ್ ಕೆಲಸ ಗೊತ್ತಿರುವ ತಂಡ ಇಲ್ಲದಿದ್ದರೆ ಸುಮ್ನೆ ಹಟ ಮಾಡಬೇಡಿ. ಮರದ ಚೌಕಟ್ಟೇ ಕಟ್ಟಿಸಿ, ಹೊರಗಿನಿಂದ ಎರಡು ಇಂಚು ಫೋಮ್ ಹಲಗೆ ಹೊದಿಸಿ, ಸ್ಟಡ್‌ಗಳೂ ಅದರಡಿ ಬೆಚ್ಚಗಿರುತ್ತವೆ. ತಂಡ ಸಿಕ್ಕಿತು ಅಂದರೆ ದರ ಕೇಳುವ ಮುಂಚೆ, ಸೂರಿನ ನೆತ್ತಿಯ ಸಂದನ್ನು ಹೇಗೆ ಮುಚ್ಚುತ್ತೀರಿ ಅಂತ ಕೇಳಿ.