ಅಡಕತ್ತರಿಯ ಸಾಂದ್ರತೆ ಅಳೆಯುವುದು ಹೇಗೆ?

ಏಳನೇ ತರಗತಿಗೆ ದ್ರವ್ಯದ ಪಾಠ ಶುರುಮಾಡುವ ದಿನ ನಾನು ಸೀಮೆಸುಣ್ಣ ಮುಟ್ಟುತ್ತಿರಲಿಲ್ಲ. ಮನೆಯಿಂದ ಒಯ್ದ ಹಿತ್ತಾಳೆ ಪಾವಿಗೆ ಒಮ್ಮೆ ಅಕ್ಕಿ, ಇನ್ನೊಮ್ಮೆ ಅವಲಕ್ಕಿ ತುಂಬಿ, ಅಂಚಿಗೆ ಸಮನಾಗಿ ಬೆರಳಾಡಿಸಿ ತೂಗುತ್ತಿದ್ದೆ. ಪಾವು ಅದೇ, ತೂಕ ಮಾತ್ರ ಬೇರೆ. ದ್ರವ್ಯದ ವ್ಯಾಖ್ಯೆಯನ್ನು ಗಿಳಿಯಂತೆ ಒಪ್ಪಿಸುವ ಹುಡುಗನೂ ಆಗ ಬಾಯಿ ಮುಚ್ಚಿ ನೋಡುತ್ತಿದ್ದ. ವಸ್ತು ಹಿಡಿಯುವ ಜಾಗ ಗಾತ್ರ, ಅದರಲ್ಲಿರುವ ದ್ರವ್ಯದ ಪ್ರಮಾಣ ದ್ರವ್ಯರಾಶಿ. ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ. ಪಾಠದ ಈ ಭಾಗ ಇಷ್ಟೇ. ಉಳಿದದ್ದೆಲ್ಲ ಕೈಕೆಲಸ.

ನಮ್ಮ ಶಿರಸಿ ಕಡೆ ಅಡಕತ್ತರಿ ಇಲ್ಲದ ಮನೆ ಕಡಿಮೆ, ಹಾಗಾಗಿ ಅದನ್ನೇ ಅಳೆಯೋಣ. ನಿಮ್ಮಲ್ಲಿ ಇಲ್ಲದಿದ್ದರೆ ಮರದ ಹಿಡಿಯಿಲ್ಲದ ಯಾವುದಾದರೂ ಕಬ್ಬಿಣದ ವಸ್ತು ಸಾಕು. ಹರಿತದ ಬಾಯಿಗೆ ದಾರ ಸುತ್ತಿ ಕಟ್ಟಿಕೊಂಡೇ ಮುಂದುವರಿಯಿರಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಸಮತಟ್ಟಾದ ಕಡೆ ಇಟ್ಟು ಅಡಕತ್ತರಿಯನ್ನು ತೂಗಿ. ನನ್ನದು 248 ಗ್ರಾಂ ಇತ್ತು.

ಗಾತ್ರದ ವಿಷಯಕ್ಕೆ ಬಂದಾಗಲೇ ಮಕ್ಕಳು ಎಡವುವುದು. ಎಲ್ಲರೂ ಅಡುಗೆಮನೆಯ ಅಳತೆ ಜಗ್ಗಿನಲ್ಲಿ ನೀರು ತುಂಬಿ, ವಸ್ತುವನ್ನು ಮುಳುಗಿಸಿ, ನೀರು ಎಷ್ಟು ಏರಿತು ಎಂದು ನೋಡುತ್ತಾರೆ. ವಿಧಾನ ತಪ್ಪಲ್ಲ, ಜಗ್ಗು ಒರಟು. ಅದರ ಗೆರೆಗಳು 25 ಮಿಲಿಲೀಟರಿಗೆ ಒಂದರಂತೆ ಇರುತ್ತವೆ. ನೀರು ಎರಡು ಗೆರೆಗಳ ನಡುವೆ ನಿಂತಾಗ ಏರಿಕೆಯನ್ನು 25 ಎಂದು ಓದಿದವನಿಗೆ ಸಾಂದ್ರತೆ 9.9 ಬರುತ್ತದೆ, 50 ಎಂದು ಓದಿದವನಿಗೆ 5. ಒಂದೇ ಅಡಕತ್ತರಿ, ಎರಡು ಲೋಹ!

ಹಾಗಾಗಿ ಜಗ್ಗನ್ನು ಬಿಟ್ಟು ತಕ್ಕಡಿಯಿಂದಲೇ ಗಾತ್ರ ಅಳೆಯಿರಿ. ಅಗಲ ಬಾಯಿಯ ಪಾತ್ರೆಯಲ್ಲಿ ಮುಕ್ಕಾಲು ಭಾಗ ನೀರು ತುಂಬಿ ತಕ್ಕಡಿಯ ಮೇಲಿಟ್ಟು ‘ಟೇರ್’ ಗುಂಡಿ ಒತ್ತಿ, ಸೊನ್ನೆ ಬರಲಿ. ಅಡಕತ್ತರಿಗೆ ಇನ್ನೊಂದು ದಾರ ಕಟ್ಟಿ, ಮೇಲಿನಿಂದ ಹಿಡಿದು, ನೀರಿನಲ್ಲಿ ಪೂರ್ತಿ ಮುಳುಗುವಂತೆ ಇಳಿಬಿಡಿ. ಅದು ಪಾತ್ರೆಯ ತಳವನ್ನಾಗಲಿ ಅಂಚನ್ನಾಗಲಿ ಮುಟ್ಟಬಾರದು. ತಕ್ಕಡಿಯಲ್ಲಿ ಈಗ ಕಾಣುವ ಗ್ರಾಂ ಎಷ್ಟೋ, ಅಡಕತ್ತರಿಯ ಗಾತ್ರ ಅಷ್ಟು ಮಿಲಿಲೀಟರ್. ನನಗೆ 32 ಬಂತು. 248ನ್ನು 32ರಿಂದ ಭಾಗಿಸಿದರೆ 7.75. ಕಬ್ಬಿಣದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.8 ಗ್ರಾಂ.

ಭಾರವನ್ನು ಕೈ ಹೊತ್ತಿರುವಾಗ ತಕ್ಕಡಿ ಏಕೆ ಏರಬೇಕು? ಮುಳುಗಿದ ವಸ್ತುವನ್ನು ನೀರು ಮೇಲಕ್ಕೆ ತಳ್ಳುತ್ತದೆ, ವಸ್ತು ನೀರನ್ನು ಅಷ್ಟೇ ಬಲದಿಂದ ಕೆಳಕ್ಕೆ ತಳ್ಳುತ್ತದೆ. ತಕ್ಕಡಿ ತೋರಿಸುವುದು ಈ ತಳ್ಳುವಿಕೆಯನ್ನು. ಅದು ವಸ್ತು ಪಕ್ಕಕ್ಕೆ ಸರಿಸಿದ ನೀರಿನ ತೂಕಕ್ಕೆ ಸಮ, ಮತ್ತು ಒಂದು ಮಿಲಿಲೀಟರ್ ನೀರು ಸುಮಾರು ಒಂದು ಗ್ರಾಂ.

ಮೂರು ಸಲ ಅಳೆಯಿರಿ. ತಕ್ಕಡಿ ಒಂದು ಗ್ರಾಂ ಆಚೀಚೆ ತೋರಿಸಿದರೆ ಉತ್ತರ 7.5ರಿಂದ 8ರವರೆಗೆ ಓಡಾಡುತ್ತದೆ. ಆದ್ದರಿಂದ ಚಿಕ್ಕ ಮೊಳೆಯನ್ನು ಈ ತಕ್ಕಡಿಯಲ್ಲಿ ಅಳೆಯಲು ಹೋಗಬೇಡಿ. ಇನ್ನೊಂದು ಮಾತು: ಏಕಮಾನ ಬರೆಯದ ಉತ್ತರಕ್ಕೆ ನಾನು ಅರ್ಧ ಅಂಕವನ್ನೂ ಕೊಟ್ಟವನಲ್ಲ. ‘7.75’ ಎಂದಷ್ಟೇ ಬರೆದರೆ ಅದು ಬಸ್ಸಿನ ಸಮಯವೋ, ತೊಗರಿಬೇಳೆಯ ಲೆಕ್ಕವೋ ಯಾರಿಗೆ ಗೊತ್ತು?

ಒಮ್ಮೆ ಒಬ್ಬ ಹುಡುಗ ಚಿರೆಕಲ್ಲಿನ ತುಂಡು ತಂದಿದ್ದ. ಒಣಗಿದ್ದಾಗ ಅದರ ತೂಕ 140 ಗ್ರಾಂ. ನೀರಿಗೆ ಇಳಿಬಿಟ್ಟಾಗ ತಕ್ಕಡಿ 68 ತೋರಿಸಿತು. ಅವನು ಬರೆದುಕೊಳ್ಳುವಷ್ಟರಲ್ಲಿ 67 ಆಯಿತು, 66 ಆಯಿತು. ತಕ್ಕಡಿ ಕೆಟ್ಟಿದೆ ಎಂದು ಅವನು ಮುಖ ಸಣ್ಣದು ಮಾಡಿದ. ‘ಕಲ್ಲನ್ನು ನೋಡು’ ಎಂದೆ. ಅದರ ತೂತುಗಳಿಂದ ಸಾಸಿವೆಯಷ್ಟು ಗುಳ್ಳೆಗಳು ಒಂದೊಂದಾಗಿ ಏಳುತ್ತಿದ್ದವು. ಗಾಳಿ ಹೊರಟ ಕಡೆ ನೀರು ಹೊಗುತ್ತಿತ್ತು, ಕಲ್ಲು ಸರಿಸಿದ ನೀರು ಕಡಿಮೆಯಾಗುತ್ತಿತ್ತು. ಹತ್ತು ನಿಮಿಷಕ್ಕೆ ಅಂಕಿ 61ಕ್ಕೆ ನಿಂತಿತು. ಮೊದಲಿನ ಲೆಕ್ಕದಲ್ಲಿ ಸಾಂದ್ರತೆ ಸುಮಾರು 2.1, ಕೊನೆಯದರಲ್ಲಿ 2.3. ಯಾವುದು ಸರಿ ಎಂದು ಅವನು ಕೇಳಿದ. ತೂತುಗಳನ್ನೂ ಕಲ್ಲೆಂದು ಎಣಿಸಿದರೆ ಮೊದಲನೆಯದು, ಬಿಟ್ಟರೆ ಎರಡನೆಯದು. ಏನನ್ನು ಅಳೆಯುತ್ತಿದ್ದೇನೆ ಎಂಬುದನ್ನು ಅವನು ವರದಿಯಲ್ಲಿ ಒಂದು ಸಾಲು ಬರೆದ. ಪೂರ್ತಿ ಅಂಕ ಕೊಟ್ಟೆ.

ಅನಿಲಕ್ಕೂ ದ್ರವ್ಯರಾಶಿ ಇದೆ ಎಂದು ನಂಬದವರು ಸೋಡಾ ಬಾಟಲಿಯನ್ನು ತೆರೆಯುವ ಮೊದಲು ತೂಗಲಿ. ಆಮೇಲೆ ಒಂದು ಹನಿಯೂ ಚೆಲ್ಲದಂತೆ ತೆರೆದಿಟ್ಟು, ಗುಳ್ಳೆ ಪೂರಾ ಅಡಗಿದ ಮೇಲೆ ಮುಚ್ಚಳದ ಸಮೇತ ಮತ್ತೆ ತೂಗಲಿ. ಕಡಿಮೆಯಾದ ಕೆಲವು ಗ್ರಾಂ ಹೆಚ್ಚುಕಡಿಮೆ ಎಲ್ಲವೂ ಹೊರಗೆ ಹೋದ ಇಂಗಾಲದ ಡೈಆಕ್ಸೈಡ್.

ಸ್ಥಿತಿ ಬದಲಾವಣೆಗೆ ಪ್ರಯೋಗಶಾಲೆಯ ಥರ್ಮಾಮೀಟರ್ ಬೇಕು. ಜ್ವರ ನೋಡುವುದು 42 ಡಿಗ್ರಿ ಸೆಲ್ಸಿಯಸ್‌ಗೇ ಮುಗಿಯುತ್ತದೆ, ಬಿಸಿನೀರಿಗೆ ಅದ್ದಿದರೆ ಒಡೆದೀತು. ಮೊದಲು ಪುಡಿಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಸೇರಿಸಿ, ಅದರಲ್ಲಿ ಥರ್ಮಾಮೀಟರ್ ಇಟ್ಟು ಕಲಕುತ್ತಾ ನಿಮಿಷಕ್ಕೊಮ್ಮೆ ಓದಿ. ಮಂಜುಗಡ್ಡೆ ಉಳಿದಿರುವವರೆಗೂ ಪಾದರಸ ಸೊನ್ನೆಯ ಬಳಿಯೇ ನಿಂತಿರುತ್ತದೆ. ನಿಮ್ಮದು 2 ಎಂದು ತೋರಿಸಿದರೆ ಅದು ಉಪಕರಣದ ದೋಷ. ಮುಂದಿನ ಓದುಗಳಿಂದ 2 ಕಳೆಯುತ್ತಾ ಹೋಗಿ.

ಈ ಪರೀಕ್ಷೆ ಮಾಡದೆ ನಾನೇ ಒಮ್ಮೆ ಪೇಚಿಗೆ ಸಿಕ್ಕಿದ್ದೆ. ಕುಮಟೆಯಿಂದ ಘಟ್ಟದ ಮೇಲಕ್ಕೆ ವರ್ಗವಾಗಿ ಬಂದ ವರ್ಷ, ಕುದಿಯುವ ನೀರು 98ಕ್ಕೇ ನಿಂತಿತು. ಥರ್ಮಾಮೀಟರ್ ಕೆಟ್ಟಿತೆಂದು ಹೊಸದು ತರಿಸಿದೆ. ಅದೂ 98 ಎಂದಿತು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ. ಸಮುದ್ರದ ದಂಡೆಯಲ್ಲಿ 100, ಶಿರಸಿಯಲ್ಲಿ 98, ಬೆಂಗಳೂರಿನಲ್ಲಿ ಸುಮಾರು 97. ಕುದಿಸುವ ಕೆಲಸಕ್ಕೆ ಮಾತ್ರ ಮನೆಯಲ್ಲಿ ದೊಡ್ಡವರು ಪಕ್ಕದಲ್ಲಿರಲಿ.

ಕೊನೆಯದು ಧನುರ್ಮಾಸದ ಬೆಳಗಿಗೆ ಹೇಳಿ ಮಾಡಿಸಿದ್ದು. ತೆಂಗಿನೆಣ್ಣೆ ಸುಮಾರು 24–25 ಡಿಗ್ರಿಯಲ್ಲಿ ಕರಗುತ್ತದೆ, ಹಾಗಾಗಿ ನಮ್ಮಲ್ಲಿ ಚಳಿಗೆ ಬಾಟಲಿಯಲ್ಲೇ ಹೆಪ್ಪುಗಟ್ಟಿರುತ್ತದೆ. ಅರ್ಧ ಎಣ್ಣೆಯನ್ನು ಉಗುರುಬೆಚ್ಚನೆಯ ನೀರಿನಲ್ಲಿಟ್ಟು ಕರಗಿಸಿ ಗಾಜಿನ ಲೋಟಕ್ಕೆ ಸುರಿಯಿರಿ. ಗಟ್ಟಿ ಎಣ್ಣೆಯನ್ನು ಚಮಚದಲ್ಲಿ ತೆಗೆದು ಅದಕ್ಕೆ ಹಾಕಿ, ತಳಕ್ಕೆ ಇಳಿಯುತ್ತದೆ. ಪಕ್ಕದ ಲೋಟದ ನೀರಿಗೆ ಮಂಜುಗಡ್ಡೆ ಹಾಕಿ, ತೇಲುತ್ತದೆ. ಹೆಪ್ಪುಗಟ್ಟುವಾಗ ಎಣ್ಣೆ ಕುಗ್ಗುತ್ತದೆ, ನೀರು ಹಿಗ್ಗುತ್ತದೆ. ಎರಡನ್ನೂ ನೋಡಿದ ಮೇಲೆ ಎಣ್ಣೆಯನ್ನು ಬಾಟಲಿಗೆ ಮರಳಿ ತುಂಬಿಡಿ, ಅಮ್ಮ ತಲೆಗೆ ಹಚ್ಚಿಕೊಳ್ಳಲು ಹುಡುಕುವ ಮೊದಲು.