ಹಾಲಿನ ಕವರಿಗೆ ಕೌದಿ ಹೊಲಿಗೆ

ಹಾಲಿನ ಕವರಿಗೆ ಫೆವಿಕಾಲ್ ಹತ್ತುವುದಿಲ್ಲ. ಸಂಜೆ ಅಂಟಿಕೊಂಡಂತೆ ಕಾಣುತ್ತದೆ, ಮರುದಿನ ಉಗುರು ತಾಗಿಸಿದರೆ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಪಾಲಿಥೀನ್‌ನ ಗುಣವೇ ಅದು. ಹಳಿಯಾಳ ತಾಲ್ಲೂಕಿನ ನಮ್ಮ ಸರ್ಕಾರಿ ಪ್ರೌಢಶಾಲೆಯ ಎಂಟನೇ ತರಗತಿ ಮಕ್ಕಳಿಗೂ ಚಿತ್ರಕಲಾ ಶಿಕ್ಷಕಿಯಾದ ನನಗೂ ಇದು ಗೊತ್ತಾಗಲು ಒಂದು ವಾರ ಹಿಡಿಯಿತು.

ಇದು ಎರಡು ಶಾಲೆ ಕೂಡಿ ಮಾಡಿದ ಕಲೆಯ ಕೆಲಸ. ನಮ್ಮ ಜೊತೆಗಿದ್ದವರು ಜಪಾನಿನ ಆಓಮೊರಿ ಪ್ರಾಂತ್ಯದ ಒಂದು ಶಾಲೆಯ ಮಕ್ಕಳು. ಎರಡೂ ಕಡೆ ಶಾಲೆಯಲ್ಲಿ ಹಾಲು ಕೊಡುತ್ತಾರೆ, ಹಾಗಾಗಿ ಹಾಲನ್ನೇ ಹಿಡಿದೆವು. ನಮ್ಮಲ್ಲಿ 2013ರಿಂದ ಕ್ಷೀರಭಾಗ್ಯದ ಪುಡಿಹಾಲು, ಸ್ಟೀಲ್ ಲೋಟದಲ್ಲಿ 150 ಮಿ.ಲೀ. ಅವರಿಗೆ 200 ಮಿ.ಲೀ.ನ ರಟ್ಟಿನ ಡಬ್ಬಿ. ನಾವು ಮನೆಯ ನಂದಿನಿ ಕವರುಗಳನ್ನು ಕೂಡಿಸುವುದು, ಅವರು ಡಬ್ಬಿಗಳನ್ನು. ಅವುಗಳ ತುಂಡು ಕೂಡಿಸಿ ಎರಡೆರಡು ಪಟ ಮಾಡಿ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕಳಿಸಿಕೊಡುವುದು ಅಂತ ಮಾತಾಯಿತು.

ಗಡಿಯಾರದ ತೊಂದರೆ ಇರಲಿಲ್ಲ. ನಮ್ಮ ಹನ್ನೊಂದು ಗಂಟೆ ಅವರಿಗೆ ಎರಡೂವರೆ. ತೊಂದರೆ ಕ್ಯಾಲೆಂಡರಿನದು. ನಮ್ಮ ತರಗತಿ ಒಂದು ಹದಕ್ಕೆ ಬರುವ ಹೊತ್ತಿಗೆ ಅವರಿಗೆ ಬೇಸಿಗೆ ರಜೆ, ಅವರು ಬಂದ ಸ್ವಲ್ಪ ದಿನಕ್ಕೆ ನಮಗೆ ದಸರಾ. ಕೈಗೆ ಸಿಕ್ಕಿದ್ದು ಸೆಪ್ಟೆಂಬರ್, ನವೆಂಬರ್ ಎರಡೇ ತಿಂಗಳು. ಇಂಥದ್ದಕ್ಕೆ ಕೈಹಾಕುವವರು ಬೇರೆಲ್ಲ ಬಿಟ್ಟು ಮೊದಲು ಎರಡೂ ಶಾಲೆಯ ರಜೆಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ.

ಅಂಟು ಕೈಕೊಟ್ಟ ಮೇಲೆ ಹೊಲಿಯೋಣ ಎಂದದ್ದು ನಮ್ಮ ಸಿದ್ದಿ ಸಮುದಾಯದ ಹುಡುಗಿಯೊಬ್ಬಳು. ಅವಳ ಅಜ್ಜಿ ಹಳೇ ಸೀರೆ, ಅಂಗಿಗಳಿಂದ ಕೌದಿ ಹೊಲಿಯುತ್ತಾರೆ. ಅವರ ಬಾಯಲ್ಲಿ ಅದು ಕವಂದಿ. ನಾವು ಹೊಲಿದ ಮೊದಲ ತುಂಡು ಸೂಜಿ ಚುಚ್ಚಿದ ಸಾಲಿನುದ್ದಕ್ಕೂ ಅಂಚೆಚೀಟಿಯಂತೆ ಹರಿದುಹೋಯಿತು. ಅಜ್ಜಿಗೆ ತೋರಿಸಿದೆವು. ಅವರು ಕವರನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿದರು, ಅಡಿಗೆ ಹಳೇ ಪಂಚೆಯ ಬಟ್ಟೆ ಹಾಸಿದರು, ಹೊಲಿಗೆಯ ನಡುವೆ ಒಂದು ಬೆರಳಿನಷ್ಟು ಅಂತರ ಬಿಟ್ಟರು. ಹರಿಯಲಿಲ್ಲ. ಮೂಲೆಯಿಂದ ಶುರುಮಾಡಿ ಅಂಚು ಹಿಡಿದು ಸುತ್ತುತ್ತಾ ನಡುವಿಗೆ ಬರುವುದು ಅವರ ಪದ್ಧತಿ. ನಾಲ್ಕು ಮಕ್ಕಳು ಸುತ್ತ ಕೂತು ಒಟ್ಟಿಗೆ ಹೊಲಿಯಲು ಅದಕ್ಕಿಂತ ಒಳ್ಳೆಯ ಕ್ರಮ ನನಗೆ ಗೊತ್ತಿಲ್ಲ.

ಕವರನ್ನು ಕತ್ತರಿಸಿ, ಒಳಮೈ ಹೊರಗೆ ಮಾಡಿ, ಸೋಪಿನಿಂದ ತೊಳೆಯಲೇಬೇಕು. ಮೊದಲ ಚೀಲದ ಕವರುಗಳನ್ನು ನಾನು ಬರೀ ನೀರಲ್ಲಿ ಜಾಲಿಸಿ ಬೀರುವಿನಲ್ಲಿಟ್ಟೆ. ಸೋಮವಾರ ಬಾಗಿಲು ತೆಗೆದರೆ ಹುಳಿವಾಸನೆ. ಮಕ್ಕಳ ಒಂದು ವಾರದ ಶ್ರಮ ನನ್ನ ಕೈಯಾರೆ ಹಾಳಾಯಿತು. ಅದು ಈಗಲೂ ಮನಸ್ಸಿನಲ್ಲಿ ಕೊರೆಯುತ್ತದೆ.

ಜಪಾನಿನ ಮಕ್ಕಳು ಡಬ್ಬಿಯನ್ನು ನೀರಲ್ಲಿ ನೆನೆಹಾಕಿ, ಪ್ಲಾಸ್ಟಿಕ್ ಪೊರೆ ಸುಲಿದು, ಉಳಿದ ರಟ್ಟನ್ನು ಅರೆದು ಕಾಗದ ಮಾಡುತ್ತಿದ್ದರು. ವಿಡಿಯೋ ಕರೆಯಲ್ಲಿ ಒಬ್ಬ ಹುಡುಗ ಆ ಪೊರೆ ಸುಲಿದು ತೋರಿಸಿದಾಗ ನಮ್ಮ ತರಗತಿ ಉಸಿರು ಬಿಗಿಹಿಡಿದಿತ್ತು. ಅವರಲ್ಲೂ ಕೌದಿಯ ನಂಟು ಇದೆ. ಚಳಿಯಿಂದ ಹತ್ತಿ ಬೆಳೆಯದ ಆ ಸೀಮೆಯಲ್ಲಿ ಹಳೇ ಬಟ್ಟೆಯನ್ನು ಸೀಳಿ ಮತ್ತೆ ನೇಯುತ್ತಿದ್ದರು, ಅದರ ಹೆಸರು ಸಾಕಿಒರಿ.

ಅದೇ ಕರೆಯಲ್ಲಿ ಅವರು ಕೇಳಿದರು: ಈ ಕವರು ಮಾಮೂಲಾಗಿ ಎಲ್ಲಿಗೆ ಹೋಗುತ್ತದೆ? ನಮ್ಮ ಹುಡುಗನೊಬ್ಬ ಎದ್ದು ನಿಂತು, ‘ಬಚ್ಚಲ ಒಲೆಗೆ. ಬೆಂಕಿ ಬೇಗ ಹತ್ತುತ್ತದೆ’ ಎಂದ. ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಿತ್ತು. ಕಸದ ಬುಟ್ಟಿಗೆ ಅನ್ನಬಹುದಿತ್ತು, ಅನ್ನಲಿಲ್ಲ. ಇದ್ದದ್ದನ್ನೇ ಹೇಳಿದೆ. ಆ ಸಂಜೆ ಮಕ್ಕಳೊಂದಿಗೆ ಆ ಹೊಗೆಯ ಬಗ್ಗೆ ಮಾತಾಡಿದೆವು, ಬಾಗಿಲು ಹಾಕುವ ಹೊತ್ತು ಮೀರಿದ್ದೇ ತಿಳಿಯಲಿಲ್ಲ.

ಡಿಸೆಂಬರಿನಲ್ಲಿ ಅವರ ಪಟ ಬಂತು. ಬಿಳಿ ಕಾಗದದ ಚೌಕಗಳನ್ನು ನೀಲಿ ಬಟ್ಟೆಗೆ ಕೂಡಿಸಿದ್ದರು. ಅಜ್ಜಿ ಅದರ ಮೇಲೆ ಅಂಗೈ ಆಡಿಸಿ, ‘ಮೂಲೆ ಖಾಲಿ ಇದೆಯಲ್ಲ, ಫೂಲ ಇಲ್ಲದ ಕವಂದಿ ಬೆತ್ತಲೆ’ ಎಂದರು. ಫೂಲ ಅಂದರೆ ಮೂಲೆಗೆ ಹಾಕುವ ತ್ರಿಕೋನದ ಮಡಿಕೆ. ಬೇರೆಯವರ ಕೆಲಸಕ್ಕೆ ಕೈಹಾಕಬಹುದೇ ಎಂದು ಅಳುಕಿ, ಮೊದಲು ಅವರನ್ನು ಕೇಳಿದೆ. ಹಾಕಿ ಎಂದು ಮರುದಿನವೇ ಉತ್ತರ ಬಂತು. ಮಕ್ಕಳು ನೀಲಿ ಕವರಿನ ನಾಲ್ಕು ಫೂಲ ಮಡಿಸಿದರು, ಬಟ್ಟೆಯ ಅಂಚಿಗೆ ಅಜ್ಜಿಯೇ ಹೊಲಿದುಕೊಟ್ಟರು.