ನಮ್ಮ ಮನೆಯ ಎಣ್ಣೆ ಲೆಕ್ಕ

ಕನಕಪುರ ರಸ್ತೆಯಲ್ಲಿ, ಸಿಲ್ಕ್ ಇನ್‌ಸ್ಟಿಟ್ಯೂಟ್ ಮೆಟ್ರೋ ನಿಲ್ದಾಣ ದಾಟಿ ಇನ್ನೂ ಐದು ಕಿಲೋಮೀಟರ್ ಆಚೆ ನಮ್ಮ ಲೇಔಟ್. ಥರ್ಟಿ ಫಾರ್ಟಿ ಸೈಟು. ಕೊಳ್ಳುವಾಗ ಬ್ರೋಕರ್ "ಎಂ.ಜಿ. ರೋಡಿಗೆ ಮುಕ್ಕಾಲು ಗಂಟೆ ಸಾರ್" ಅಂದಿದ್ದ. ಭಾನುವಾರ ಬೆಳಗ್ಗೆ ಆರಕ್ಕೆ ಹೊರಟರೆ ಅದು ನಿಜವೇ.

2022ರಲ್ಲಿ ಆಫೀಸು ಮತ್ತೆ ಕರೆಯಿತು. ಹೋಗಿ ಬರಲು 48 ಕಿಲೋಮೀಟರ್. ಟ್ರಾಫಿಕ್‌ನಲ್ಲಿ ನನ್ನ ಕಾರು ಲೀಟರಿಗೆ ಕೊಡುವುದು 12. ತಿಂಗಳಿಗೆ 22 ದಿನ ಅಂದರೆ 88 ಲೀಟರ್. ಪೆಟ್ರೋಲ್ ಆಗ 102 ರೂಪಾಯಿ ಆಸುಪಾಸು. ಹತ್ತಿರ ಹತ್ತಿರ ಒಂಬತ್ತು ಸಾವಿರ!

ಒಂದು ನೋಟ್‌ಬುಕ್ ತೆಗೆದು ಮೇಲೆ "ಎಣ್ಣೆ ಲೆಕ್ಕ" ಅಂತ ಬರೆದೆ. ಹೆಂಡತಿ ನೋಡಿ, "ಯಾವ ಎಣ್ಣೆ ರೀ?" ಎಂದು ನಕ್ಕಳು.

ಬರೆಯುತ್ತಾ ಹೋದಂತೆ ಕಾರು ಬರೀ ಅರ್ಧ ಕಥೆ ಅಂತ ಗೊತ್ತಾಯಿತು. ನೀರಿನ ಟ್ಯಾಂಕರ್ ಆರು ಕಿಲೋಮೀಟರ್ ದೂರದಿಂದ ಬರುತ್ತದೆ. ಒಂದು ಟ್ರಿಪ್ಪಿಗೆ ಎರಡೂವರೆ ಲೀಟರ್ ಡೀಸೆಲ್ ಬೇಕು ಅಂತ ಡ್ರೈವರೇ ಹೇಳಿದ. ಮಗನ ಸ್ಕೂಲ್ ವ್ಯಾನು, ಗ್ಯಾಸ್ ಸಿಲಿಂಡರು, ಕರೆಂಟ್ ಹೋದಾಗ ಲೇಔಟಿನ ಜನರೇಟರು, ಎಲ್ಲವೂ ಪುಸ್ತಕ ಸೇರಿದವು. ತಮಾಷೆ ಅಂದರೆ ಸೊಪ್ಪು. ಪಕ್ಕದ ಹೊಲದಲ್ಲಿ ಕಿತ್ತ ದಂಟು ರಾತ್ರಿ ಕೆ.ಆರ್. ಮಾರ್ಕೆಟ್ಟಿಗೆ ಹೋಗುತ್ತಿತ್ತು. ನಾವು ಏಳು ಕಿಲೋಮೀಟರ್ ಕಾರಲ್ಲಿ ಹೋಗಿ ಅಂಥದ್ದೇ ದಂಟು ತರುತ್ತಿದ್ದೆವು.

ತೈಲ ಮುಗಿಯುತ್ತದೆ ಅಂದರೆ ಒಂದು ದಿನ ಬೆಳಗ್ಗೆ ಬಂಕ್ ಒಣಗಿ ನಿಲ್ಲುತ್ತದೆ ಅಂತ ಅನೇಕರು ತಿಳಿದಿದ್ದಾರೆ. ನಮ್ಮ ಕಡೆ ಬೋರ್‌ವೆಲ್ ಕೊರೆಸಿದವರಿಗೆ ವಿಷಯ ಬೇಗ ಅರ್ಥವಾಗುತ್ತದೆ. ಮೇಲಿನ ನೀರು ಮೊದಲು ಖಾಲಿ. ಆಮೇಲೆ ಕೆಳಗೆ ಕೆಳಗೆ ಹೋಗಬೇಕು, ಖರ್ಚು ಏರುತ್ತದೆ. ಎಣ್ಣೆಯೂ ಹಾಗೆಯೇ. ಮುಂಬೈ ಆಚೆ ಕಡಲಲ್ಲಿರುವ ಬಾಂಬೆ ಹೈ ತೈಲಕ್ಷೇತ್ರದಲ್ಲಿ 1974ರಲ್ಲಿ ಎಣ್ಣೆ ಸಿಕ್ಕಿತು. 80ರ ದಶಕದ ಕೊನೆಗೆ ಉತ್ಪಾದನೆ ತುತ್ತತುದಿ ಮುಟ್ಟಿ ಆಮೇಲೆ ಇಳಿಯಿತು. ಇವತ್ತಿಗೂ ಅಲ್ಲಿ ತೆಗೆಯುತ್ತಲೇ ಇದ್ದಾರೆ, ಆದರೆ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರಗಿನಿಂದ ಬರಬೇಕು.

ನಮ್ಮ ಎಣ್ಣೆ ಲೆಕ್ಕ ಇಳಿಸಲು ಮೊದಲು ಕೈ ಹಾಕಿದ್ದು ಕಾರಿಗೆ. ನಿಲ್ದಾಣದ ತನಕ ಸೈಕಲ್ ತುಳಿಯುತ್ತೇನೆ ಅಂತ ಹೊರಟೆ. ಹನ್ನೊಂದೇ ದಿನ. ಲಾರಿ, ಧೂಳು, ಬೀದಿ ನಾಯಿ. ಬೆವರಿನ ಅಂಗಿಯಲ್ಲಿ ಮೀಟಿಂಗು ಬೇರೆ. ಸೈಕಲ್ ಈಗ ಮಗನದು. ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಸ್ಕೂಟರ್ ಕೊಂಡೆ. ನಿಲ್ದಾಣದ ತನಕ ಅದು, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿನಿಂದ ನೇರಳೆಗೆ, ಅಲ್ಲಿಂದ ಎಂ.ಜಿ. ರೋಡು. 2025ರ ಫೆಬ್ರವರಿಯಲ್ಲಿ ಮೆಟ್ರೋ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಹೊಟ್ಟೆ ಉರಿಯಿತು. ಆದರೂ ಕಾರಿಗಿಂತ ಕಮ್ಮಿಯೇ.

ಎರಡನೆಯದು ನೀರು. ತಾರಸಿ ಸುಮಾರು 900 ಚದರಡಿ. ಬೆಂಗಳೂರಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ. ಸೋರಿ ಚೆಲ್ಲಿದ್ದು ಕಳೆದರೂ 65,000 ಲೀಟರ್ ಸಿಗಬೇಕು, ಹತ್ತು ಟ್ಯಾಂಕರಿಗಿಂತ ಜಾಸ್ತಿ. ಜಲ್ಲಿ, ಮರಳು, ಇದ್ದಿಲು ತುಂಬಿದ ಡ್ರಮ್ಮು ಇಟ್ಟು ಪೈಪನ್ನು ಸಂಪಿಗೆ ಬಿಟ್ಟೆ. ಮೊದಲ ಮಳೆಯ ನೀರು ಹೊರಗೆ ಬಿಡಬೇಕು ಅನ್ನುವುದನ್ನು ಮರೆತು, ಒಂದು ವಾರ ಪಾರಿವಾಳದ ಹಿಕ್ಕೆ ವಾಸನೆಯಲ್ಲಿ ಸ್ನಾನ ಮಾಡಿದೆವು. ನಮ್ಮ ಸಂಪು ಹಿಡಿಯುವುದು 10,000 ಲೀಟರ್ ಮಾತ್ರ. ಜೋರು ಮಳೆ ಬಂದಾಗ ಮಿಕ್ಕಿದ್ದು ಇಂಗುಗುಂಡಿಗೆ. ಆಗಸ್ಟಿನಿಂದ ಅಕ್ಟೋಬರ್ ತನಕ ಟ್ಯಾಂಕರ್ ಕರೆಯುವುದು ಅಪರೂಪ. ಊರಿಗೇ ನೀರಿನ ಬರ ಬಂದ 2024ರ ಮಾರ್ಚಿನಲ್ಲಿ ಮಾತ್ರ ಈ ಏರ್ಪಾಡು ನಯಾಪೈಸೆ ಉಪಯೋಗಕ್ಕೆ ಬರಲಿಲ್ಲ. ಎಲ್ಲರ ಜೊತೆ ನಾವೂ ಟ್ಯಾಂಕರ್‌ಗೆ ಫೋನ್ ಹಚ್ಚುತ್ತಾ ಕೂತೆವು.

ಸೊಪ್ಪು ಸುಲಭವಾಯಿತು. ಹೊಲದ ಅಜ್ಜಿಯನ್ನೇ ಕೇಳಿದೆ. "ಮುಂಚೇನೇ ಕೇಳಿದ್ರೆ ಕೊಡ್ತಿರಲಿಲ್ವಾ ಸ್ವಾಮಿ?" ಅಂದಳು.

ಕಳೆದ ತಿಂಗಳು ಪುಸ್ತಕದಲ್ಲಿ ಕಾರಿನ ಸಾಲು 19 ಲೀಟರ್. ಅದರಲ್ಲಿ ಹೆಚ್ಚಿನದು ಅತ್ತೆಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು. ಅದಕ್ಕೆ ನನ್ನ ಹತ್ತಿರ ದಾರಿ ಇಲ್ಲ. ನಿಲ್ದಾಣಕ್ಕೆ ಒಂದು ಎಲೆಕ್ಟ್ರಿಕ್ ವ್ಯಾನ್ ಇಡೋಣ ಅಂತ ಲೇಔಟಿನ ಮೀಟಿಂಗಿನಲ್ಲಿ ಹೇಳಿದೆ. ಕೈ ಎತ್ತಿದವರು ನಾಲ್ಕು ಮನೆಯವರು. ಹತ್ತು ಮನೆ ಆದರೆ ವ್ಯಾನಿನವನು ಬರಲು ತಯಾರಿದ್ದಾನೆ.